ಹೇಮಕ್ಕನ ಊರಿನಲ್ಲಿ ನನ್ನ ‘ಗುಡುಗು’

ಪುತ್ತೂರಿಗೆ ಬಂದ ಮೊದಲ ವಾರ, ಒಂದು ಮಧ್ಯಾಹ್ನ ದೂರದಲ್ಲೆಲ್ಲೋ ಗುಡುಗಿತು. ನಾನು ಕಿಟಕಿಯ ಬಳಿ ಹೋಗಿ ನಿಂತೆ. ನಮ್ಮ ಗುಳೇದಗುಡ್ಡದಲ್ಲಿ ಗುಡುಗಿದರೆ ಮನೆಯವರೆಲ್ಲ ಹೊರಗೆ ಬಂದು ಮೋಡ ಯಾವ ದಿಕ್ಕಿಗೆ ಹೊರಟಿದೆ ಎಂದು ನೋಡುತ್ತೇವಲ್ಲ, ಅದೇ ರೂಢಿ. ಇಲ್ಲಿ ಆಫೀಸಿನಲ್ಲಿದ್ದವರೆಲ್ಲ ಒಮ್ಮೆಲೇ ಎದ್ದು ಗೋಡೆಗಳ ಕಡೆ ಓಡಿದರು. ಕಂಪ್ಯೂಟರಿನ ಪ್ಲಗ್ಗು, ಟಿ.ವಿ.ಯದು, ಇಂಟರ್ನೆಟ್ಟಿನ ತಂತಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತರು.

“ಎಂತ ನೋಡ್ತಾ ನಿಂತದ್ದು ಮಾರಾಯ್ತಿ? ಸಿಡಿಲು ಬರ್ತಾ ಉಂಟು, ವಯರ್ ತೆಗೀರಿ!”

ಹಾಗೆ ಕೂಗಿದವಳು ಹೇಮಲತಾ. ನನಗಿಂತ ಎರಡು ವರ್ಷ ದೊಡ್ಡವಳು. ಸುಳ್ಯದ ಕಡೆಯ ಅರೆಭಾಷೆ ಮಾತಾಡುವ ಮನೆಯ ಮಗಳು. ಎಲ್ಲರಿಗೂ ಹೇಮಕ್ಕ. ಪುತ್ತೂರಿನ ದರ್ಬೆ ಬಡಾವಣೆಯ ಮುಖ್ಯರಸ್ತೆಯಲ್ಲಿರುವ ಈ ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರುಗಳನ್ನೂ ಸುಳ್ಯ, ಕಡಬ ಶಾಖೆಗಳ ಸಂಪರ್ಕವನ್ನೂ ನೋಡಿಕೊಳ್ಳುವವರು ನಾವಿಬ್ಬರೇ. ಅಲ್ಲಿ ತೆಗೆದ ರಕ್ತದ ವರದಿ ಇಲ್ಲಿಂದ ಹೋಗಬೇಕು. ಲೈನು ಸತ್ತರೆ ರೋಗಿ ಕಾಯುತ್ತಾ ಕೂರಬೇಕು.

ಬಾಗಲಕೋಟೆಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಅಲ್ಲಿ ಎಲ್ಲವೂ ಕಂಪನಿಯಿಂದ ಕೊಂಡ ಸಾಫ್ಟ್‌ವೇರು. ಒಳಗೆ ಏನಿದೆ ಎಂದು ನೋಡುವ ಹಾಗಿಲ್ಲ, ಕೆಟ್ಟರೆ ಫೋನು ಮಾಡಿ ಕಾಯಬೇಕು. ಇಲ್ಲಿ ಸರ್ವರಿನಿಂದ ಹಿಡಿದು ಶಾಖೆಗಳ ಮೇಲೆ ಕಣ್ಣಿಡುವ ಸಾಧನದವರೆಗೆ ಎಲ್ಲ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಜೊತೆಗೆ ಹೇಮಾಳದೊಂದು ನಿಯಮ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಸರ್ವರಿಗೆ ಹಾಕುವಂತಿಲ್ಲ. ಅವಳು ಬರೆದದ್ದಕ್ಕೂ ಅದೇ ನಿಯಮ.

ಕೆಲಸ ಬೇಗ ಕೈಗೆ ಹತ್ತಿತು. ಊರು ಹತ್ತಲಿಲ್ಲ. ಬಾಡಿಗೆ ಮನೆ ಹುಡುಕುವಾಗ ಹೇಮಾ ಜೊತೆಗೆ ಬಂದಳು. ಮನೆಯೊಡತಿ ರತ್ನಕ್ಕ ನನ್ನನ್ನು ನೋಡುತ್ತಾ ಅವಳನ್ನು ಕೇಳಿದರು: ಇವರು ಯಾವ ಊರಿನವರು, ಮೀನು ತಿನ್ನುವವರಾ, ಒಬ್ಬರೇ ಇರುವುದಾ? ನಾನು ಅಲ್ಲೇ ನಿಂತಿದ್ದೆ. ಹೇಮಾ ತುಳುವಿನಲ್ಲಿ ಏನೋ ಹೇಳಿ ನಕ್ಕಳು, ರತ್ನಕ್ಕನೂ ನಕ್ಕು ಬೀಗದಕೈ ಕೊಟ್ಟರು. ನನಗೆ ಮನೆ ಸಿಕ್ಕಿದ್ದು ಅವಳ ನಗೆಯಿಂದ. ಆ ಸಂಜೆ ಖುಷಿಪಡುವುದನ್ನು ಬಿಟ್ಟು, ಆ ಮಾತಿಗೆ ಯಾಕೆ ನಕ್ಕರು ಎಂದು ಯೋಚಿಸುತ್ತಾ ಕುಳಿತಿದ್ದೆ.

ಹೇಮಾ ಬಾಯಿ ತೆರೆದರೆ ಊರು ಜಾಗ ಬಿಡುತ್ತದೆ. ರತ್ನಕ್ಕನ ಜೊತೆ ತುಳು, ಫೋನಿನಲ್ಲಿ ತಾಯಿಯ ಜೊತೆ ಅರೆಭಾಷೆ, ಗಡಿಯಾಚೆಯಿಂದ ಬಂದ ರೋಗಿಯ ಜೊತೆ ಮಲಯಾಳ, ನನ್ನ ಜೊತೆ ಕನ್ನಡ. ನಾನು ಮಾತ್ರ ಎಲ್ಲ ಕಡೆಗೂ ಒಂದೇ ಕನ್ನಡ ಹೊತ್ತುಕೊಂಡು ತಿರುಗಿದೆ, ಅದನ್ನೂ ಕೆಲವರು ಎರಡನೇ ಸಲ ಹೇಳಿಸಿಕೊಂಡರು. ಕುಚ್ಚಲಕ್ಕಿಯ ಗಂಜಿಗೆ ನಾಲಗೆ ಒಗ್ಗಿತು. ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಮನಸ್ಸು ಒಗ್ಗಲಿಲ್ಲ.

ಅವಳಿಗಿಲ್ಲದ್ದು ನನ್ನದೊಂದು ಇರಲಿ ಎಂಬ ಹಟದಿಂದಲೇ ‘ಗುಡುಗು’ ಎಂಬ ಪ್ರೋಗ್ರಾಮು ಬರೆದೆ. ಸಿಡಿಲಿನ ದಿನಗಳಲ್ಲಿ ಶಾಖೆಯ ಲೈನು ಸತ್ತರೆ ಕರೆಂಟು ಹೋದದ್ದೋ, ಯಾರೋ ತಂತಿ ಕಿತ್ತದ್ದೋ, ಉಪಕರಣವೇ ಸುಟ್ಟದ್ದೋ ದರ್ಬೆಯಲ್ಲಿ ಕೂತು ತಿಳಿಯುತ್ತಿರಲಿಲ್ಲ. ನನ್ನ ಪ್ರೋಗ್ರಾಮು ರೂಟರಿನಲ್ಲಿದ್ದ ಮೊಬೈಲ್ ಸಿಮ್ಮಿನ ಮೂಲಕ ಅಲ್ಲಿಯ ಒಂದೊಂದು ಸಾಧನವನ್ನೂ ಕರೆದು, ಯಾವುದು ಓಗೊಟ್ಟಿತು, ಯಾವುದು ಸುಮ್ಮನಿತ್ತು ಎಂದು ನೋಡಿ, ಕಾರಣವನ್ನೂ ಮಾಡಬೇಕಾದದ್ದನ್ನೂ ಶಾಖೆಯವರ ಮೊಬೈಲಿಗೆ ಕಳಿಸುತ್ತಿತ್ತು.

ಹೇಮಾ ಪೂರ್ತಿ ಓದಿದಳು. “ಭಾರೀ ಲಾಯ್ಕ್ ಆಗಿದೆ ಸುವರ್ಣಾ! ಇದನ್ನು ಹೊರಗೆ ಹಾಕುವ. ಬೇರೆಯವರಿಗೂ ಉಪಯೋಗ ಆಗ್ಲಿ.”

“ಹೊರಗೆ ಅಂದ್ರ?”

“ಎಲ್ಲರಿಗೂ ಕಾಣುವ ಹಾಗೆ. ನಾವು ಬೇರೆಯವರದ್ದು ಬಳಸುದಲ್ವಾ? ನಮ್ಮದೂ ಕೊಡ್ಬೇಕಲ್ಲ.”

ಇಲ್ಲ ಎನ್ನಲು ನ್ಯಾಯವಾದ ಕಾರಣ ಸಿಗಲಿಲ್ಲ. ನನ್ನ ಹೆಸರು ಹಾಕಿ, ಯಾರಾದರೂ ತಿದ್ದಬಹುದೆಂಬ ಪರವಾನಗಿ ಸೇರಿಸಿ, ಇಂಟರ್ನೆಟ್ಟಿನಲ್ಲಿ ಇಟ್ಟೆವು. ಮೊದಲು ತಿದ್ದಿದವಳು ಅವಳೇ. ನಾನು “ಸಂಪರ್ಕ ಕಡಿತಗೊಂಡಿದೆ; ವಿದ್ಯುತ್ ಸರಬರಾಜು ಇರುವುದಿಲ್ಲ” ಎಂದು ಬರೆದಲ್ಲಿ ಅವಳು ತುಳು ಸೇರಿಸಿದಳು: “ಕರೆಂಟ್ ಇಜ್ಜಿ, ಪೋಡಿಯೊಡ್ಚಿ.” ಕರೆಂಟಿಲ್ಲ, ಹೆದರಬೇಡಿ. ಆಮೇಲೆ ಅರೆಭಾಷೆ, ಮಲಯಾಳ. ನನ್ನ ಸಂದೇಶವನ್ನು ತೆರೆದೂ ನೋಡದ ಶಾಖೆಯವರು ಇದನ್ನು ಓದಿ ನಕ್ಕರು, ಹೇಳಿದಂತೆ ಮಾಡಿದರು. ಹದಿನೈದು ದಿನದೊಳಗೆ ಅದು “ಹೇಮಕ್ಕನ ಗುಡುಗು” ಆಯಿತು.

“ಅದು ಬರೆದದ್ದು ಸುವರ್ಣಾ ಮಾರಾಯ್ರೆ,” ಎಂದು ಅವಳು ಪ್ರತಿಸಲವೂ ಹೇಳುತ್ತಿದ್ದಳು. ಅವಳು ಸುಮ್ಮನಿದ್ದಿದ್ದರೆ ನನಗೆ ಬೈಯಲಿಕ್ಕಾದರೂ ಆಗುತ್ತಿತ್ತು.

ಆಗ ಅವಳು ಅದಕ್ಕೆ ಇನ್ನೊಂದು ಭಾಗ ಬರೆದಳು. ಲೈನು ಸತ್ತದ್ದು ಕಂಡರೆ ‘ಗುಡುಗು’ ತಾನಾಗಿಯೇ ಶಾಖೆಯ ರೂಟರನ್ನು ಆರಿಸಿ ಹೊತ್ತಿಸುವ ಹಾಗೆ. ನಿಯಮದ ಪ್ರಕಾರ ಓದಿ ಒಪ್ಪಬೇಕಾದವಳು ನಾನು. ಅಷ್ಟು ಗಮನವಿಟ್ಟು ನಾನು ಏನನ್ನೂ ಓದಿದ್ದಿಲ್ಲ. ತಪ್ಪು ಹುಡುಕಲೇಬೇಕು ಎಂದು ಕೂತು ಸಾಲುಸಾಲು ಹಿಂಜಿದೆ. ಎರಡು ಸಲ ಓದಿದರೂ ಏನೂ ಸಿಗದೆ ಸಿಟ್ಟು ಬಂತು. ಮೂರನೇ ಸಲ ಸಿಕ್ಕಿತು. ಮುಖ್ಯ ಲೈನು ಸತ್ತಾಗ ತುರ್ತು ವರದಿಗಳು ಮಾತ್ರ ಅದೇ ರೂಟರಿನ ಮೊಬೈಲ್ ಸಿಮ್ಮಿನ ಮೂಲಕ ಹೋಗುತ್ತಿರುತ್ತವೆ. ರೂಟರನ್ನು ಆರಿಸಿದರೆ ಆ ದಾರಿಯೂ ಕಡಿದು ಹೋಗುತ್ತದೆ. ತುರ್ತು ವರದಿ ಅರ್ಧಕ್ಕೆ ನಿಲ್ಲುತ್ತದೆ.

ಎಲ್ಲರಿಗೂ ಕಾಣುವ ಜಾಗದಲ್ಲೇ ಬರೆದೆ: “ಇದನ್ನು ಹಾಕುವಂತಿಲ್ಲ.” ಕಾರಣವನ್ನೂ ವಿವರವಾಗಿ ಬರೆದೆ, ಬೇಕಾದ್ದಕ್ಕಿಂತ ನಾಲ್ಕು ಸಾಲು ಹೆಚ್ಚೇ. ಅವಳ ಮುಖ ಹೇಗಾಗುತ್ತದೆ ನೋಡೋಣ ಎಂದು ಕಾದೆ.

ಅವಳು ಓದಿ ತಲೆಗೆ ಕೈಯಿಟ್ಟಳು. “ಅಯ್ಯೋ ದೇವರೇ! ನೀನು ನೋಡಿದ್ದು ಒಳ್ಳೆದಾಯ್ತು. ಕಡಬದಲ್ಲಿ ಯಾರದ್ದಾದ್ರೂ ವರದಿ ನಿಂತಿದ್ರೆ ಎಂತ ಮಾಡುದು?” ಎಂದು ಅಲ್ಲೇ ತಿದ್ದಿ, ಕೆಳಗೆ “ತಪ್ಪು ಕಂಡುಹಿಡಿದವರು ಸುವರ್ಣಾ” ಎಂದು ಸೇರಿಸಿದಳು. “ಇನ್ನು ನನ್ನದೆಲ್ಲ ನೀನೇ ಓದ್ಬೇಕು, ಆಯ್ತಾ? ನಿನ್ನಷ್ಟು ಪ್ರೀತಿಯಿಂದ ಯಾರೂ ಓದುದಿಲ್ಲ.”

ಪ್ರೀತಿಯಂತೆ! ತಪ್ಪು ಅವಳದು, ಕಂಡುಹಿಡಿದವಳು ನಾನು. ಆದರೂ ಗೆದ್ದವಳು ಅವಳೇ ಅನ್ನಿಸಿತು. ಆದರೆ ಅಂದಿನಿಂದ ಅವಳದನ್ನು ಅಷ್ಟೇ ಕಣ್ಣಿಟ್ಟು ಓದುತ್ತೇನೆ, ನನ್ನದನ್ನು ಅವಳು ಓದುತ್ತಾಳೆ. ನಮ್ಮ ಶಾಖೆಗಳ ವರದಿ ನಿಲ್ಲುವುದು ಕಡಿಮೆಯಾಗಿದೆ. ಹೊಟ್ಟೆಕಿಚ್ಚು ಹಾಗೇ ಇದೆ.

ಕಳೆದ ತಿಂಗಳು ಹುಬ್ಬಳ್ಳಿಯ ಒಂದು ಕಾಲೇಜಿನವರು ‘ಗುಡುಗು’ ಬಗ್ಗೆ ಮಾತಾಡಲು ಕರೆದರು. ಕರೆದದ್ದು ಹೇಮಾಳನ್ನು. ಇಂಟರ್ನೆಟ್ಟಿನಲ್ಲಿ ಯಾರು ಏನು ಕೇಳಿದರೂ ಬೇಸರವಿಲ್ಲದೆ ಉತ್ತರ ಬರೆಯುವವಳು ಅವಳಲ್ಲವೇ? “ನೀನೇ ಹೋಗು, ನಿನ್ನ ಊರ ಕಡೆ ಅಲ್ವಾ,” ಎಂದಳು. ನನ್ನ ಊರ ಕಡೆಯವರೇ ನನ್ನನ್ನು ಕರೆಯಲಿಲ್ಲವಲ್ಲ ಎಂಬ ಉರಿಯಲ್ಲಿ, “ಕರೆದದ್ದು ನಿನ್ನನ್ನ, ನೀನೇ ಹೋಗು,” ಎಂದೆ. ಅವಳು ಬಸ್ಸು ಹತ್ತಿದಳು. ಕಡಬ ಶಾಖೆಗೆ ಹೊಸ ಸರ್ವರು ಕೂರಿಸುವ ಕೆಲಸಕ್ಕೆ ನಾನು ಹೊರಟೆ.

ಕಡಬದಲ್ಲಿ ಸರ್ವರು ಕೂರಿಸುತ್ತಿದ್ದಾಗ ಅವ್ವನ ಫೋನು ಬಂತು. ಕೈ ತುಂಬ ತಂತಿಗಳಿದ್ದವು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

“ನಿನ್ನ ಗೆಳತಿ ಬಂದಾಳಲ್ಲವಾ ಮನಿಗೆ! ಹುಬ್ಬಳ್ಳಿಯಿಂದ ಬಸ್ಸು ಹಿಡದು, ಕೇಳಕೋತ ಬಂದಾಳ. ಭಾಳ ಛಲೋ ಹುಡುಗಿ. ಮೂರು ರೊಟ್ಟಿ ಉಂಡ್ಲು. ನೀ ಯಾವತ್ತರ ಹಿಂಗ ಉಂಡೀಯೇನು?”

ನನಗೆ ತಿಳಿಸದೆ ಅಷ್ಟು ದೂರ ಹೋಗಿದ್ದಳು. ನನ್ನ ಅವ್ವನ ಮುಂದೆ ಕೂತು, ನಾನು ಎಂಟು ತಿಂಗಳಿಂದ ತಿನ್ನದ ರೊಟ್ಟಿಯನ್ನು ತಿಂದಿದ್ದಳು. ಏನಾದರೂ ಚುಚ್ಚಿ ಹೇಳಬೇಕು ಎನ್ನುವಷ್ಟರಲ್ಲಿ ಕೌಂಟರಿನ ಬಳಿ ಒಬ್ಬ ಹೆಂಗಸು ಬಂದು ನಿಂತರು. ಗಂಡನ ವರದಿಗೆ ಕಾದಿದ್ದವರು, ಊರಿಗೆ ಹೋಗುವ ಜೀಪು ಹೊರಡುವ ಹೊತ್ತಾಗಿತ್ತು. ಒಳಗೆ ಇಣುಕಿ ನನ್ನನ್ನು ನೋಡಿ, ತುಳುವಿನಲ್ಲಿ ಹೇಮಕ್ಕ ಇಲ್ಲವಾ ಎಂದು ಕೇಳಿದರು.

“ಹೇಮಕ್ಕ ಇಜ್ಜೆರ್. ಯಾನ್ ಉಳ್ಳೆ,” ಎಂದೆ.

ಯೋಚಿಸಿ ಆಡಿದ ಮಾತಲ್ಲ, ತಾನೇ ಬಂದದ್ದು. ಆ ಹೆಂಗಸು ತಲೆಯಾಡಿಸಿ ವರದಿಯ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನಾನು ವರದಿ ತೆಗೆಯಲು ಕೂತೆ. ಮೇಜಿನ ಮೇಲಿನ ಫೋನಿನಲ್ಲಿ ಅವ್ವನ ದನಿ ಕೇಳಿಸಿತು.

“ಏನಂದ್ಲಕಿ? ಯಾವ ಭಾಷಾ ಮಾತಾಡಿದ್ಲು ನನ್ನ ಮಗಳು?”

ಅವಳು ಕೇಳಿದ್ದು ನನ್ನನ್ನಲ್ಲ. ನಮ್ಮ ಅಡುಗೆಮನೆಯಲ್ಲಿ ಕೂತಿದ್ದ ಹೇಮಾಳನ್ನು. ಹೇಮಾ ನಗುತ್ತಾ, ನಾನು ಆಡಿದ ಮಾತಿನ ಅರ್ಥವನ್ನು ನನ್ನ ಅವ್ವನಿಗೆ ಬಿಡಿಸಿ ಹೇಳುತ್ತಿದ್ದಳು.

“ಹೇಮಕ್ಕ ಇಲ್ಲ, ನಾನಿದ್ದೇನೆ ಅಂತ ಹೇಳಿದ್ದು ಅಮ್ಮ.”