ಡೊಲೊಫಿನಾ ಒಪ್ಪದ ಐದು

ಜೋಂಬಾ ಬಸ್ ನಿಲ್ದಾಣದಲ್ಲಿ ಮಂದಾಸಿ ಮಾರುವ ಡೊಲೊಫಿನಾ, ಯಾರು ಏನೇ ಹೇಳಿದರೂ ಮೊದಲು "ಇಲ್ಲ" ಅನ್ನುವವಳು. ವಿಷಯ ಏನೆಂದು ಆಮೇಲೆ ಕೇಳುವವಳು. ಚರ್ಚಿನಲ್ಲಿ ಪಾದ್ರಿಯ ಮಾತಿಗೇ ಎದ್ದು ನಿಂತು ತಿದ್ದುಪಡಿ ಹೇಳಿದ್ದಳು. ತುಂಬಿದ ಮಿನಿಬಸ್ಸಿಗೆ ಇನ್ನೊಬ್ಬರನ್ನು ತುರುಕಲು ಬಂದ ಕಂಡಕ್ಟರನನ್ನೇ ಕೆಳಗಿಳಿಸಿ ಬಸ್ಸು ಹೊರಡಿಸಿದ್ದಳು. ಮಂದಾಸಿ ಅನ್ನುವ ಆ ಕರಿದ ಹಿಟ್ಟಿನುಂಡೆಗಳನ್ನು ಸಕ್ಕರೆಯಲ್ಲಿ ಹೊರಳಿಸಿ ಆಕೆ ಮುಂದೆ ಹಿಡಿದರೆ ನಾವೆಲ್ಲ ತೆಪ್ಪಗೆ ಕೊಳ್ಳುತ್ತಿದ್ದೆವು. ಹಸಿವಿಗಿಂತ ಹೆದರಿಕೆಯೇ ಹೆಚ್ಚು.

ಮಗಳು ಎಟ್ನೆಸ್ ಹೆತ್ತಾಗ ಡೊಲೊಫಿನಾ ಮಂದಾಸಿ ಬುಟ್ಟಿ ಸಮೇತ ಆಸ್ಪತ್ರೆಗೆ ಬಂದಳು. ಮಗು ಹೆಣ್ಣು, ಬಲು ಸಣ್ಣದು. ಅಳಲಿಲ್ಲ, ಮೊಲೆ ಬಾಯಿಗಿಟ್ಟರೆ ಚೀಪಲಿಲ್ಲ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ರಕ್ತದಲ್ಲಿ ಸಕ್ಕರೆ ಇಳಿದಿರಬಹುದೆಂದು ನರ್ಸ್ ತಿಯಾಮಿಕೆ ಪುಟ್ಟ ಹಿಮ್ಮಡಿ ಚುಚ್ಚಿ, ಹನಿಯನ್ನು ಪಟ್ಟಿಗೆ ಮುಟ್ಟಿಸಿ, ಅಂಗೈ ಮೇಲಿನ ಮೆಷಿನ್ನು ನೋಡಿದಳು.

"ಐದು. ಎರಡೂವರೆಗಿಂತ ಇಳಿದ್ರೆ ಮಾತ್ರ ಭಯ. ಸಕ್ಕರೆ ಚೆನ್ನಾಗೇ ಇದೆ ಅಜ್ಜೀ. ಹುಟ್ಟಿದ ಸುಸ್ತು ಅಷ್ಟೆ. ವಾರ್ಡಿಗೆ ಕರ್ಕೊಂಡ್ಹೋಗಿ, ಇಲ್ಲಿ ಬೇರೆ ಮಗು ಕಾಯ್ತಿದೆ."

"ಇಲ್ಲ," ಅಂದಳು ಡೊಲೊಫಿನಾ.

"ಏನಿಲ್ಲ?"

"ಐದಿಲ್ಲ. ಈ ಮಗು ನೋಡು, ಇದು ಐದರ ಮುಖಾನಾ?"

"ಮೆಷಿನ್ ಹೇಳ್ತಿದೆಯಲ್ಲಜ್ಜೀ!"

"ಮೆಷಿನ್‌ಗೆ ಹಸಿವಾಗತ್ತಾ? ಅದಕ್ಕೇನು ಗೊತ್ತು?"

ಎಟ್ನೆಸ್ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. "ಅಮ್ಮಾ, ಇದು ಬಸ್ ಸ್ಟ್ಯಾಂಡಲ್ಲ."

"ಗೊತ್ತು. ಅಲ್ಲಾಗಿದ್ರೆ ಇಷ್ಟೊತ್ತಿಗೆ ಜನ ಸೇರಿರೋರು." ಡೊಲೊಫಿನಾ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತೇಬಿಟ್ಟಳು. "ನನ್ನ ಮೊಮ್ಮಗಳು ಈ ಕೋಣೆ ಬಿಟ್ಟು ಹೋಗಲ್ಲ. ಹೋಗಬೇಕಂದ್ರೆ ನನ್ನ ದಾಟಿ ಹೋಗ್ಲಿ."

ದಾಟುವುದು ಸುಲಭವಿರಲಿಲ್ಲ, ಆಕೆಯ ಗಾತ್ರ ಬಾಗಿಲಿನದೇ. ತಿಯಾಮಿಕೆ ಬಗ್ಗಿ ಆಕೆಯ ಕೈ ಹಿಡಿದು ಎಳೆದಳು. ಡೊಲೊಫಿನಾ ಏಳಲಿಲ್ಲ. ಬಿಡೋಣವೆಂದರೆ ಕೈ ಅಂಟಿಕೊಂಡಿತ್ತು.

ತಿಯಾಮಿಕೆ ತನ್ನ ಬೆರಳು ನೋಡಿಕೊಂಡಳು. ಸಕ್ಕರೆ.

"ಅಜ್ಜೀ, ನಾನು ಚುಚ್ಚುವಾಗ ಮಗು ಕಾಲು ಹಿಡ್ಕೊಂಡಿದ್ದು ಯಾರು?"

"ನಾನೇ. ಇನ್ಯಾರು, ಪಾದ್ರಿನಾ?"

ತಿಯಾಮಿಕೆ ಹಣೆ ಚಚ್ಚಿಕೊಂಡಳು. "ದೇವರೇ, ನಾನೂ ಒರೆಸದೆ ಚುಚ್ಚಿಬಿಟ್ಟೆ." ಬಿಸಿನೀರು ತಂದು ಇನ್ನೊಂದು ಹಿಮ್ಮಡಿಯನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಚುಚ್ಚಿದಳು. ಮೊದಲ ಹನಿ ಒರೆಸಿ ಎರಡನೆಯದನ್ನು ಹಿಡಿದಳು. ಮೆಷಿನ್ನು ಒಂದೂವರೆ ಅಂದಿತು.

ಆಮೇಲೆ ಯಾರೂ ವಾರ್ಡಿನ ಮಾತೆತ್ತಲಿಲ್ಲ. ಮಗುವಿನ ನರಕ್ಕೆ ಸಕ್ಕರೆ ನೀರು ಹನಿಯತೊಡಗಿತು.

"ಮೆಷಿನ್ ಸುಳ್ಳು ಹೇಳಿರ್ಲಿಲ್ಲ ಅಜ್ಜೀ," ಅಂದಳು ತಿಯಾಮಿಕೆ, ಉಸಿರು ಬಿಟ್ಟು. "ನಿಮ್ಮ ಮಂದಾಸೀನ ಅಳೀತು."

"ಹೌದು," ಅಂದಳು ಡೊಲೊಫಿನಾ. ನಮ್ಮ ಊರಿನ ಮಟ್ಟಿಗೆ ಇದೇ ದೊಡ್ಡ ಸುದ್ದಿ. ಕೈಗಳನ್ನು ಮೊಣಕೈವರೆಗೂ ಉಜ್ಜಿ ತೊಳೆದು ಬಂದು, ಮತ್ತೆ ಅದೇ ಬಾಗಿಲಲ್ಲಿ ಕೂತಳು.

"ಈಗಿನ್ಯಾಕೆ ಕೂತ್ರಿ?"

"ತಪ್ಪು ನನ್ನ ಕೈಯದು, ಒಪ್ಕೊಂಡೆ. ಬಾಗಿಲು ಬಿಡ್ತೀನಿ ಅಂತ ಯಾರು ಹೇಳಿದ್ರು?"

ಅರ್ಧ ಗಂಟೆ ಬಿಟ್ಟು ಮತ್ತೆ ಚುಚ್ಚಿದಾಗ ನಾಲ್ಕು ಬಂತು. ತೊಳೆದ ಕಾಲು, ತೊಳೆದ ಕೈ, ಅಪ್ಪಟ ನಾಲ್ಕು. ತಿಯಾಮಿಕೆ ಮೆಷಿನ್ನನ್ನು ಆಕೆಯ ಮೂಗಿನ ಹತ್ತಿರ ಹಿಡಿದಳು.

"ಇಲ್ಲ," ಅಂದಳು ಡೊಲೊಫಿನಾ.

ಮಗು ಮೊಲೆ ಹಿಡಿದು, ಎಟ್ನೆಸ್ "ಅಯ್ಯಯ್ಯೋ, ಎಷ್ಟು ಜೋರಾಗಿ ಎಳೀತಾಳೆ!" ಎಂದು ಕೂಗಿದ ಮೇಲೆಯೇ ಆಕೆ ಬಾಗಿಲಿಂದ ಎದ್ದದ್ದು.