ಬೂದಿ ಬಣ್ಣದ ರುಜು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹುಣಸೂರಿನ ನಮ್ಮ ಮನೆಗೆ ಬಂದು ಒಂದು ಪುಟ್ಟ ಗಾಜಿನ ಸೀಸೆ ಕೊಟ್ಟು ಹೋದಳು. ಫೌಂಟನ್ ಪೆನ್ನಿನ ಇಂಕು. ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೂ ನಾನು ಇಂಕಿನ ಪೆನ್ನು ಬಿಟ್ಟಿಲ್ಲ ಎಂಬುದು ಈ ಹುಡುಗಿಯರಿಗೆಲ್ಲ ತಮಾಷೆಯ ವಿಷಯ. ಇದು ನೀಲಿಯಲ್ಲ, ಕಪ್ಪೂ ಅಲ್ಲ, ಬೂದು ಬಣ್ಣದ್ದು, ಈಗ ಇದೇ ಫ್ಯಾಷನ್ನು ಎಂದಳು. ಬೂದು ಬಣ್ಣದಲ್ಲಿ ಬರೆದರೆ ಓದುವವರ ಕಣ್ಣಿನ ಗತಿ ಏನು ಎಂದು ನಾನು ಗೊಣಗಿದೆ. ಗೊಣಗಿದರೂ ಅವಳು ಗೇಟು ದಾಟುವುದನ್ನೇ ಕಾದಿದ್ದು, ಪೆನ್ನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಹೊಸ ಇಂಕು ತುಂಬಿಸಿದೆ.

ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಒಂದು ಗೆರೆ ಎಳೆದೆ. ಹಸಿಯಾಗಿದ್ದಾಗ ಪಾತ್ರೆ ತೊಳೆದ ನೀರಿನ ಹಾಗೆ ತೆಳ್ಳಗಿತ್ತು. ಒಣಗುತ್ತಾ ಒಣಗುತ್ತಾ ಅಂಚುಗಳಲ್ಲಿ ಕಪ್ಪು ಕೂತಿತು, ನಡುವೆ ಬೂದಿ ಉಳಿಯಿತು. ಪೆನ್ನು ಪರೀಕ್ಷೆ ಮಾಡುವವರು ತಮ್ಮ ಹೆಸರನ್ನೇ ಬರೆಯುವುದು ಲೋಕರೂಢಿ. ನನ್ನ ಕೈ ಮಾತ್ರ ಬೇರೊಬ್ಬಳ ಹೆಸರು ಬರೆದಿತ್ತು. ಅದೂ ಅವಳು ಬರೆಯುತ್ತಿದ್ದ ಹಾಗೆಯೇ, ಅಕ್ಷರಗಳು ಒಂದನ್ನೊಂದು ದೂಕುತ್ತಾ ಬಲಕ್ಕೆ ವಾಲಿಕೊಂಡು. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವಳ ಕಡೆಯವರೂ ಅವಳ ವೈರಿಗಳೂ ಇನ್ನೂ ಅದೇ ಊರಿನಲ್ಲಿದ್ದಾರೆ. ನಾನು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆ.

ಪಿರಿಯಾಪಟ್ಟಣದಿಂದ ಒಂದಿಷ್ಟು ದೂರದ ನಮ್ಮ ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣಿನ ಗೋಡೆ. ನೆಂಟಸ್ತಿಕೆ ಏನೂ ಇರಲಿಲ್ಲ. ದೊಡ್ಡಮ್ಮ ಎತ್ತರದ ಹೆಂಗಸು, ಅಗಲ ಮೂಳೆಯವಳು, ಬಾಯಿ ಬಿಟ್ಟರೆ ಹೊಲದ ಆ ತುದಿಗೆ ಕೇಳಬೇಕು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಸೊಪ್ಪಿನ ಅಂಟು ಹತ್ತಿ ಅವಳ ಅಂಗೈ ಕರ್ರಗಾಗಿರುತ್ತಿತ್ತು, ಆ ಕೈಯಲ್ಲೇ ನನ್ನ ಕೆನ್ನೆ ಹಿಂಡುತ್ತಿದ್ದಳು. ಅವರ ಮನೆಯ ಹಿಂದೆ ಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಎತ್ತರದ ಇಟ್ಟಿಗೆ ಗೂಡು, ಹೊರಗೆ ಒಲೆ, ಒಲೆಯ ಬಾಯಿಗೆ ದಪ್ಪ ಕಬ್ಬಿಣದ ಬಾಗಿಲು. ಬ್ಯಾರನ್ನು, ಅದರ ಲೈಸೆನ್ಸು, ಅದರ ಕೆಳಗಿನ ಹೊಲ, ಇವಿಷ್ಟೇ ಅವರ ಆಸ್ತಿ. ಗಂಡ ಸಾಧು ಪ್ರಾಣಿ. ನಾನು ಪಿಯುಸಿ ಓದುತ್ತಿದ್ದ ವರ್ಷ ಜ್ವರ ಬಂದು, ಯಾರಿಗೂ ತೊಂದರೆ ಕೊಡದೆ ಸತ್ತುಹೋದ. ಉಳಿದವಳು ಚಿಕ್ಕ ಮಗಳೊಬ್ಬಳು.

ಗಂಡನ ತಮ್ಮ ಅದೇ ಬೀದಿಯಲ್ಲಿದ್ದ. ಹೆಣ್ಣು ಮಗು ನಾಳೆ ಮದುವೆಯಾಗಿ ಇನ್ನೊಬ್ಬರ ಮನೆಗೆ ಹೋಗುವುದು, ಅದಕ್ಕೆ ಯಾಕೆ ಹೊಲ ಎಂದು ಅಣ್ಣನ ಹೆಣ ಅಂಗಳದಲ್ಲಿರುವಾಗಲೇ ಶುರು ಮಾಡಿದ್ದ. ದೊಡ್ಡಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಥಿಯ ದಿನ... ಅದನ್ನು ಹೇಗೆ ಬರೆಯಲಿ. ಊಟ ಮುಗಿಸಿ ನೆಂಟರೆಲ್ಲ ಚದುರಿದ್ದರು. ನಾನು ಎಲೆ ಎಸೆಯಲು ಗೋಡೆಯ ಬಳಿಗೆ ಹೋದವಳು ಆಚೆ ಕಡೆ ಬಗ್ಗಿ ನೋಡಿದೆ. ಜಗುಲಿಯ ಮೇಲೆ ದೊಡ್ಡಮ್ಮ ಬೋರಲು ಬಿದ್ದಿದ್ದಳು. ಮೈದುನ ಅವಳ ಬೆನ್ನಿನ ಮೇಲೆ ಮಂಡಿ ಊರಿ ಕೂತಿದ್ದ. ಅವನ ಹೆಂಡತಿಯ ಅಣ್ಣ ಅವಳ ಬಲಗೈಯನ್ನು ನೆಲಕ್ಕೆ ಒತ್ತಿಹಿಡಿದು, ಬಿಗಿದ ಮುಷ್ಟಿಯನ್ನು ಬಿಡಿಸಲು ನೋಡುತ್ತಿದ್ದ. ಪಕ್ಕದಲ್ಲಿ ಕರಿ ಮಸಿಯ ಪ್ಯಾಡು, ಒಂದು ಕಾಗದ. ಮುಷ್ಟಿ ಬಿಡಲಿಲ್ಲ. ಅವನು ಅಲ್ಲೇ ಇದ್ದ ಕಲ್ಲುಗುಂಡನ್ನು ಎತ್ತಿ ಅವಳ ಮಣಿಕಟ್ಟಿನ ಮೇಲೆ ಹಾಕಿದ. ಮೂಳೆಯ ಸದ್ದು ಗೋಡೆಯ ಈಚೆಗೆ ಕೇಳಿಸಿತು. ಬೆರಳುಗಳು ತಾವಾಗಿಯೇ ತೆರೆದುಕೊಂಡವು. ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದರು.

ನಾನು ಅಪ್ಪನನ್ನು ಕೂಗಿದೆ. ಅಪ್ಪ ಗುದ್ದಲಿ ಹಿಡಿದು ಓಡಿ ಬಂದ, ಹಿಂದೆ ಬೀದಿಯ ಇನ್ನಿಬ್ಬರು. ಗಲಾಟೆಯಲ್ಲಿ ಮೈದುನ ಮಂಡಿ ಎತ್ತಿದ್ದೇ ತಡ, ದೊಡ್ಡಮ್ಮ ಮೊದಲು ಅವನ ಮುಂಗೈಗೆ ಬಾಯಿ ಹಾಕಿ ಕಚ್ಚಿ ಮಾಂಸ ಕಿತ್ತಳು. ಆಮೇಲೆ ಎಡಗೈಯಿಂದ ಕಾಗದ ಸೆಳೆದು ಬಾಯಿಗೆ ತುರುಕಿಕೊಂಡಳು. ಅವರು ಅವಳ ದವಡೆ ಹಿಡಿದು ಬಿಡಿಸಲು ಹೋದರು, ಕೆನ್ನೆಗೆ ಗುದ್ದಿದರು. ಅವಳು ಅಗಿದಳು, ನುಂಗಿದಳು. ತುಟಿಯ ಮೇಲೆ ರಕ್ತ ಯಾವುದು ಮಸಿ ಯಾವುದು ಗೊತ್ತಾಗುತ್ತಿರಲಿಲ್ಲ. ಜನ ಸೇರಿದ ಮೇಲೆ ಮೈದುನ ಪಂಚೆ ಕೊಡವಿಕೊಂಡು ಎದ್ದ. ಅವನಿಗೆ ಸಿಟ್ಟೂ ಬಂದ ಹಾಗಿರಲಿಲ್ಲ.

"ಬೆಟ್ಟು ಎಲ್ಲಿಗೋದದು? ಕೈಲೇ ಇರ್ತದೆ. ಇನ್ನೊಂದಿನ ತಗತೀನಿ ಬುಡು" ಎಂದ.

ಆ ಮಾತು ಅವಳ ಒಳಗೆ ಇಳಿಯಿತು. ಹೊಡೆತಕ್ಕೆ ಅಳದವಳು ಆ ಮಾತಿಗೆ ಬಿಳುಚಿಕೊಂಡಳು. ನಿಜವೇ ಅಲ್ಲವೇ... ಹೊಲಕ್ಕೆ ಬೇಲಿ ಹಾಕಬಹುದು, ಮನೆಗೆ ಬೀಗ ಹಾಕಬಹುದು, ಹೆಬ್ಬೆಟ್ಟನ್ನು ಎಲ್ಲಿ ಬಚ್ಚಿಡುವುದು? ಮಲಗಿದಾಗ, ಜ್ವರ ಬಂದಾಗ, ಯಾವಾಗ ಬೇಕಾದರೂ ಬಂದು ಒತ್ತಿಕೊಂಡು ಹೋಗಬಹುದು.

ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಮನೆಯಲ್ಲಿ ಸಾವಾದರೂ ತಿಥಿಯಾದರೂ ಬೆಂಕಿ ಆರಿಸುವ ಹಾಗಿಲ್ಲ. ಆರಿದರೆ ಇಡೀ ಗೂಡಿನ ಸೊಪ್ಪು ಕೊಳೆತು ಹೋಗುತ್ತದೆ. ಆ ಸಂಜೆಯೂ ದೊಡ್ಡಮ್ಮ, ಮುರಿದ ಮಣಿಕಟ್ಟಿಗೆ ಸೀರೆಯ ಚೂರು ಸುತ್ತಿಕೊಂಡು, ಒಲೆಗೆ ಸೌದೆ ಹಾಕುತ್ತಿದ್ದಳು. ಅವ್ವ ಕೊಟ್ಟ ಮುದ್ದೆಯ ತಟ್ಟೆ ಹಿಡಿದು ನಾನು ಹೋದೆ. ಬೇಯುವ ಸೊಪ್ಪಿನ ಸಿಹಿ ವಾಸನೆ ಊರಿಗೇ ಹಬ್ಬಿತ್ತು. ಅದರೊಳಗೆ ಇನ್ನೊಂದು ವಾಸನೆ ಬಂತು. ಒಲೆಯ ಕಬ್ಬಿಣದ ಬಾಗಿಲು ಕೆಂಪಗೆ ಕಾದಿತ್ತು. ಅವಳು ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ, ಹೆಬ್ಬೆಟ್ಟನ್ನು ಆ ಬಾಗಿಲಿಗೆ ಒತ್ತಿಕೊಂಡಿದ್ದಳು. ಮೈ ಅದುರುತ್ತಿತ್ತು. ಬಾಯಲ್ಲಿ ಸೆರಗು ಕಚ್ಚಿಕೊಂಡಿದ್ದಳು. ನನ್ನನ್ನು ನೋಡಿದರೂ ತೆಗೆಯಲಿಲ್ಲ. ಆಮೇಲೆ ಎಡಗೈಯ ಹೆಬ್ಬೆಟ್ಟನ್ನೂ ಒತ್ತಿದಳು. ನಾನು ತಟ್ಟೆ ಕೈಬಿಟ್ಟೆ.

"ಈಗ ಬಂದು ತಗಳ್ಲಿ" ಎಂದಳು ದೊಡ್ಡಮ್ಮ. ಆಮೇಲೆ ಬೂದಿಯ ಮೇಲೆ ಕುಸಿದು ಕೂತಳು.

ಊರಿನವರು ಹುಚ್ಚು ಎಂದರು. ಅಪ್ಪನೂ ತಲೆ ಚಚ್ಚಿಕೊಂಡ. ಹೆಬ್ಬೆಟ್ಟು ಹೋದರೆ ಆಸ್ತಿ ಉಳಿಯುತ್ತದೆಯೇ, ಲೈಸೆನ್ಸಿಗೆ ನಾಳೆ ಏನು ಒತ್ತುತ್ತಾಳೆ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇತ್ತು. ದೊಡ್ಡಮ್ಮನಿಗೂ ಅದು ಹೊಳೆದಿರಬೇಕು. ಹುಣ್ಣು ಒಣಗುವ ಮೊದಲೇ ಒಂದು ಮಧ್ಯಾಹ್ನ ನಮ್ಮ ಜಗುಲಿಗೆ ಬಂದು ಕೂತು, "ನನ್ನೆಸ್ರ ಬರ್ಯಾದ ಯೇಳ್ಕೊಡು ಮಗ" ಎಂದಳು.

ಅಪ್ಪ ಊರಿನ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದರಿಂದ ಮನೆಯಲ್ಲಿ ಕಪ್ಪು ಇಂಕಿನ ಸೀಸೆ ಇರುತ್ತಿತ್ತು. ಪೆನ್ನಿಗೆ ತುಂಬಿಸಿ ಒಂದು ಅಕ್ಷರ ಬರೆದು ತೋರಿಸಿದೆ. ಅವಳು ಅದನ್ನು ನೋಡುತ್ತಲೇ ಹಿಂದಕ್ಕೆ ಸರಿದಳು, ಗೋಡೆಗೆ ಬೆನ್ನು ಒತ್ತಿಕೊಂಡಳು.

"ಆ ಕರೀ ಮಸಿ ಬ್ಯಾಡ ಕಣ್ಮಗ. ಅದ ಕಂಡ್ರೆ ಬೆನ್ ಮ್ಯಾಲೆ ಮಂಡಿ ಊರ್ದಂಗಾಯ್ತದೆ."

ನೀಲಿ ಇಂಕು ನಮ್ಮಲ್ಲಿರಲಿಲ್ಲ. ನಾನು ಒಂದು ತೆಂಗಿನ ಚಿಪ್ಪಿಗೆ ನೀರು ಹಾಕಿ ಅದಕ್ಕೆ ಇಂಕು ಬಿಟ್ಟೆ. ಕಡ್ಡಿಯಲ್ಲಿ ಕಲಸಿ ಅವಳ ಅಂಗೈ ಮೇಲೆ ಒಂದು ಗೆರೆ ಎಳೆದೆ. ಅವಳು ಬಿಸಿಲಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದಳು, ಇನ್ನೂ ಒಸಿ ನೀರು ಹಾಕು ಎಂದಳು. ಹಾಕಿದೆ. ಮತ್ತೆ ಗೆರೆ, ಮತ್ತೆ ಬಿಸಿಲು. ಸೀರೆಯ ಬಣ್ಣ ಆರಿಸುವ ಹೆಂಗಸಿಗೂ ಅಷ್ಟು ಚೌಕಾಸಿ ಇರಲಿಕ್ಕಿಲ್ಲ. ಕೊನೆಗೆ ಒಂದು ಗೆರೆಯನ್ನು ಬಹಳ ಹೊತ್ತು ನೋಡಿ, ನಮ್ಮ ಒಲೆ ಬೂದಿ ಇದ್ದಂಗದೆ, ಇದೇ ಇರಲಿ ಎಂದು ಒಪ್ಪಿದಳು.

ಕಲಿತದ್ದೂ ಒಂದು ಕದನವೇ. ಬಲಗೈಯ ಮಣಿಕಟ್ಟು ಮುರಿದಿತ್ತು. ಎಡಗೈಯ ತೋರುಬೆರಳು, ನಡುಬೆರಳುಗಳ ಸಂದಿಗೆ ಪೆನ್ನು ಸಿಕ್ಕಿಸಿಕೊಂಡು, ಗುದ್ದಲಿಯಲ್ಲಿ ಅಗೆಯುವವಳ ಹಾಗೆ ಬರೆಯುತ್ತಿದ್ದಳು. ಹಾಳೆ ಹರಿಯುತ್ತಿತ್ತು, ನಿಬ್ಬು ಸೀಳುತ್ತಿತ್ತು. ಅಕ್ಷರ ಸೊಟ್ಟಗಾದರೆ ಅದರ ತಾಯಿ ತಂದೆಯರನ್ನೆಲ್ಲ ಎತ್ತಿ ಬೈಯುತ್ತಿದ್ದಳು. ಆ ವಯಸ್ಸಿಗೆ ನನಗೆ ಗೊತ್ತಿರದ ಎಷ್ಟೋ ಬೈಗುಳಗಳನ್ನು ನಾನೂ ಅವಳಿಂದ ಕಲಿತೆ.

ಲೈಸೆನ್ಸು ಅವಳ ಹೆಸರಿಗೆ ಆಗಬೇಕಿದ್ದ ದಿನ ಪಟ್ಟಣದ ಕಚೇರಿಗೆ ನಾನೂ ಹೋಗಿದ್ದೆ. ಮೈದುನನೂ ಬಂದು ಬಾಗಿಲ ಬಳಿ ನಿಂತಿದ್ದ, ಇವಳು ಏನು ಒತ್ತುತ್ತಾಳೆ ನೋಡೋಣ ಎಂಬ ನಗು ಮುಖದಲ್ಲಿ. ಗುಮಾಸ್ತ ತಲೆಯನ್ನೂ ಎತ್ತದೆ ಮಸಿ ಪ್ಯಾಡನ್ನು ಮುಂದಕ್ಕೆ ದೂಕಿದ. ದೊಡ್ಡಮ್ಮ ಅದನ್ನು ಎತ್ತಿ ಬೀಸಿ ಗೋಡೆಗೆ ಎಸೆದಳು. ಕರಿ ಮಸಿ ಗೋಡೆಗೂ ಗುಮಾಸ್ತನ ಅಂಗಿಗೂ ಸಿಡಿಯಿತು. ಅವನು ಎದ್ದು ಕೂಗಾಡುವಷ್ಟರಲ್ಲಿ ಅವಳು ಬೂದಿ ಬಣ್ಣದ ಇಂಕು ತುಂಬಿದ್ದ ನನ್ನ ಪೆನ್ನು ತೆಗೆದುಕೊಂಡು, ಬಗ್ಗಿ, ಮೇಜಿನ ಮರಕ್ಕೇ ಅಕ್ಷರ ಮೂಡುವ ಹಾಗೆ ತನ್ನ ಹೆಸರು ಬರೆದಳು. ಇದೇನಮ್ಮ ಪೆನ್ಸಿಲ್ಲಾ ಎಂದು ಅವನು ರೇಗಿದ. ಒದ್ದೆ ಬೆರಳಲ್ಲಿ ಉಜ್ಜಿ, ಇಂಕು ಕದಡಿದ್ದು ಕಂಡು ಒಪ್ಪಿಕೊಂಡ.

ಅಲ್ಲಿಂದ ಅವಳು ರುಜು ಹಾಕದ ಜಾಗವಿಲ್ಲ. ಡೈರಿಯಲ್ಲಿ, ಬ್ಯಾಂಕಿನಲ್ಲಿ, ಮಗಳ ಸ್ಕೂಲಿನಲ್ಲಿ, ಯಾರೂ ಕೇಳದಿದ್ದರೂ ಹಾಕುತ್ತಿದ್ದಳು. ಅವಳದು ಹೆಬ್ಬೆಟ್ಟಲ್ಲ, ಬೂದಿ ಬಣ್ಣದ ರುಜು ಎಂಬುದು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಾಗಿಹೋಯಿತು. ಮೈದುನ ಸುಮ್ಮನಿರಲಿಲ್ಲ. ಮುಂದಿನ ಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಹೆಂಚು ಕೆಡವಲು ಏಣಿ ಹತ್ತಿದ. ಅವಳು ಏಣಿಯನ್ನು ಎಳೆದು ಬೀಳಿಸಿ, ಬಿದ್ದವನ ಮೊಣಕಾಲಿನ ಮೇಲೆ ಸೌದೆಯಲ್ಲಿ ಹೊಡೆದಳು. ಅವನು ಆಮೇಲೆ ಬದುಕಿದ್ದಷ್ಟೂ ಕುಂಟಿದ. ಇದು ತಪ್ಪು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ, ನನಗೆ ಆ ದಿನ ಹಬ್ಬದ ಊಟ ಉಂಡಷ್ಟು ಸಂತೋಷವಾಗಿತ್ತು.

ವರ್ಷಗಳು ಹೋದವು. ನನಗೆ ಕೆಲಸ ಸಿಕ್ಕಿ ಹುಣಸೂರಿಗೆ ಬಂದೆ. ಅವಳ ಮಗಳು ಮದುವೆಯಾಗಿ ಸರಗೂರಿಗೆ ಹೋದಳು. ಹೊಲವೂ ಬ್ಯಾರನ್ನೂ ಮಗಳಿಗೇ ಎಂದು ದೊಡ್ಡಮ್ಮ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಊರಿಗೆ ಹೋದಾಗ ನಾನು ಅವಳ ಹೆಬ್ಬೆಟ್ಟುಗಳನ್ನು ಕದ್ದು ನೋಡುತ್ತಿದ್ದೆ. ನುಣ್ಣಗೆ, ಹೊಳೆಯುತ್ತಾ, ಬೆಣಚುಕಲ್ಲಿನ ಹಾಗೆ... ರೇಷನ್ ಅಂಗಡಿಗೆ ಬೆರಳು ಒತ್ತುವ ಯಂತ್ರ ಬಂದಾಗ ತೋರುಬೆರಳು ಕೊಟ್ಟಳಂತೆ, ಇದಕ್ಕೆ ಮಸಿಯಿಲ್ಲವಲ್ಲ, ಪರವಾಗಿಲ್ಲ ಎಂದಳಂತೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಹೊಲದಲ್ಲಿ ಬಿದ್ದವಳು ಏಳಲಿಲ್ಲ. ಮಗಳು ಸರಗೂರಿನಿಂದ ಹುಣಸೂರಿನ ಮೇಲೆ ಬರುವಾಗ ನನ್ನನ್ನೂ ಕಾರಿಗೆ ಹತ್ತಿಸಿಕೊಂಡಳು. ನಾವು ತಲುಪುವ ಹೊತ್ತಿಗೆ ಹೆಣವನ್ನು ಜಗುಲಿಯಲ್ಲಿ, ಅದೇ ಜಗುಲಿಯಲ್ಲಿ, ಮಲಗಿಸಿದ್ದರು. ಮುದುಕನಾಗಿದ್ದ ಮೈದುನನೂ ಅವನ ಮಗನೂ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಹೆಂಗಸರು ಸೀರೆ ಅಡ್ಡ ಹಿಡಿದು ಹೆಣಕ್ಕೆ ನೀರು ಹಾಕಿದರು. ಮಗಳು ಅವ್ವನ ಕೈ ತೊಳೆಯುತ್ತಿದ್ದವಳು ತಟ್ಟನೆ ನಿಂತಳು. ಎರಡೂ ಹೆಬ್ಬೆಟ್ಟಿನ ಮೇಲೆ ಕರಿ ಮಸಿ. ಹಸಿ ಇತ್ತು.

ಅವಳು ಕೈಯಲ್ಲಿದ್ದ ತಂಬಿಗೆಯ ಸಮೇತ ಸೀರೆ ಸರಿಸಿಕೊಂಡು ಹೊರಗೆ ಹೋದಳು. ಚಿಕ್ಕಪ್ಪನ ಕೊರಳಪಟ್ಟಿ ಹಿಡಿದು ಎಳೆದೊಯ್ದು ಬ್ಯಾರನ್ನಿನ ಗೋಡೆಗೆ ಅಪ್ಪಳಿಸಿದಳು. ಅವನ ಮಗ ಬಿಡಿಸಲು ಬಂದ, ತಂಬಿಗೆಯಿಂದ ಅವನ ಹಣೆಗೆ ಬಿಟ್ಟಳು, ಹಣೆ ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಯಾರೂ ಅಡ್ಡ ಬರಲಿಲ್ಲ, ನಾನೂ ಬರಲಿಲ್ಲ. ಮುದುಕನ ಬನಿಯನ್ನಿನೊಳಗೆ ಕೈ ಹಾಕಿ ಕಾಗದ ಎಳೆದು ತೆಗೆದಳು. ನಾವೆಲ್ಲ ನೋಡಿದೆವು. ಕಾಗದದ ತಳದಲ್ಲಿ ಒಂದರ ಪಕ್ಕ ಒಂದು ಕರಿ ಚುಕ್ಕೆಗಳು, ನುಣ್ಣಗೆ, ಒಂದೇ ಒಂದು ಗೆರೆಯೂ ಇಲ್ಲದೆ. ಒತ್ತಿ ಒತ್ತಿ ಸಾಕಾದವನ ಕಾಗದ ಅದು.

ಮುದುಕ ಗೋಡೆಗೆ ಜಾರಿ ಕೂತು ಮಗುವಿನ ಹಾಗೆ ಅಳತೊಡಗಿದ. "ಇಷ್ಟ್ ವರ್ಸಕ್ಕೆ ಚರ್ಮ ಬೆಳ್ದಿರ್ತದೆ ಅನ್ಕಂಡಿದ್ದೆ ಕಣವ್ವ. ಎಷ್ಟ್ ಒತ್ತುದ್ರೂ ಒಂದ್ ಗೆರೆ ಬರ್ನಿಲ್ಲ."

ನಾನು ಸಾವಿನ ಮನೆಯ ಅಂಗಳದಲ್ಲಿ ನಿಂತು ಜೋರಾಗಿ ನಕ್ಕೆ. ಹೆಂಗಸರು ತಿರುಗಿ ನೋಡಿದರು. ನಗು ಯಾವಾಗ ಅಳುವಾಯಿತೋ ಗೊತ್ತಿಲ್ಲ.

ಮಗಳು ಮತ್ತೆ ಬಂದು ಅವ್ವನ ಪಕ್ಕ ಕೂತಳು. ಈ ಮಸಿ ಹತ್ತಿದ ಕೈಯಲ್ಲಿ ಅವ್ವನನ್ನು ಮಣ್ಣಿಗೆ ಕಳಿಸುವುದಿಲ್ಲ ಎಂದು ಬ್ಯಾರನ್ನಿನ ಒಲೆಯಿಂದ ಬೂದಿ ತರಿಸಿದಳು. ಹುಣಸೆಹಣ್ಣು ಸೇರಿಸಿ ಉಜ್ಜಿದಳು. ಕಪ್ಪು ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಅವಳು ಹಲ್ಲು ಕಚ್ಚಿ ಉಜ್ಜುತ್ತಲೇ ಇದ್ದಳು, ಹೆಣದ ಚರ್ಮ ಸುಲಿಯುವ ಹಾಗೆ. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಹೆಬ್ಬೆಟ್ಟಿನ ಮೇಲೆ ಉಳಿದಿದ್ದ ಬಣ್ಣ, ತೆಂಗಿನ ಚಿಪ್ಪಿನಲ್ಲಿ ನಾವಿಬ್ಬರೂ ಕಲಸಿ ಕಲಸಿ ಹುಡುಕಿದ್ದ ಅದೇ ಬಣ್ಣ.

"ಸಾಕು ಬುಡು ಮಗ" ಎಂದೆ. "ಇದು ಅವ್ವನ್ದೇ ಮಸಿ."

ಕ್ಯಾಲೆಂಡರಿನ ಹಾಳೆಯ ಮೇಲೆ ಅವಳ ಹೆಸರು ಈಗ ಪೂರ್ತಿ ಒಣಗಿದೆ. ಹೊಲ ಮಗಳದೇ ಆಗಿದೆ. ಬ್ಯಾರನ್ನಿನಲ್ಲಿ ಈ ವರ್ಷವೂ ಸೊಪ್ಪು ಬೆಂದಿತು ಎಂದು ಫೋನಿನಲ್ಲಿ ಹೇಳಿದಳು. ಈ ಸೀಸೆಯನ್ನು ದೊಡ್ಡಮ್ಮನಿಗೆ ತೋರಿಸಬೇಕಿತ್ತು. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿ, ನೀರು ಬೆರೆಸಿದ ಮಸಿಗೂ ಅಂಗಡಿಯವನಿಗೆ ಕಾಸು ಕೊಟ್ಟರಾ ಎಂದು ನನ್ನನ್ನೂ ಆ ಹುಡುಗಿಯನ್ನೂ ಸೇರಿಸಿ ಬೈಯುತ್ತಿದ್ದಳು. ಬೈಸಿಕೊಳ್ಳಬೇಕು ಎಂದು ಬಹಳ ಆಸೆಯಾಗುತ್ತಿದೆ... ಬೈಯುವವಳಿಲ್ಲ.