ನಾಲ್ಕರಿಂದ ಐದು, ಧೈರ್ಯ ಹೇಳುವ ಹೊತ್ತು

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಶಿರಸಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಕ್ಯಾನ್ಸರ್ ರೋಗಿಗಳ ಮನಸ್ಸಿಗೆ ಆಸರೆಯಾಗುವುದು ಹೇಗೆಂದು ಕಲಿಯಲು ನನ್ನನ್ನು ಹುಬ್ಬಳ್ಳಿಗೆ ಮೂರು ದಿನದ ತರಬೇತಿಗೆ ಕಳಿಸಿದರು. ಪಾಠ ಹೇಳಿದಾಕೆ ನಿಜಕ್ಕೂ ಬಲ್ಲವಳು. "ಧೈರ್ಯ ಹೇಳಾಕ ಹೋಗಬ್ಯಾಡ್ರಿ, ಸುಮ್ಮನ ಕೂತು ಕೇಳ್ರಿ" ಎಂದಳು. "ಮನೆಯವರು ಬಿಡದಿದ್ದರೆ?" ಎಂದು ನಾನು ಕೇಳಿದೆ. "ಅವರನ್ನೂ ವಿಶ್ವಾಸಕ್ಕ ತಗೋಬೇಕ್ರಿ" ಎಂದಳು. ಅಷ್ಟರಲ್ಲಿ ಚಹಾ ಬಂತು, ಎಲ್ಲರೂ ಎದ್ದರು.

ಮರಳಿ ಬಂದ ಮೇಲೆ ನಮ್ಮ ಹಿರಿಯ ಸಿಸ್ಟರ್ ರೋಗಿಗಳ ಜೊತೆ ಕೂತು ಮಾತಾಡಲು ನನಗೊಂದು ಹೊತ್ತು ಗೊತ್ತುಮಾಡಿದರು: ಸಂಜೆ ನಾಲ್ಕರಿಂದ ಐದು. ಆಗ ಇಂಜೆಕ್ಷನ್ ಇಲ್ಲ, ಡಾಕ್ಟರ ರೌಂಡ್ಸ್ ಇಲ್ಲ. ಆದರೆ ನೆಂಟರು ನೋಡಲು ಬರುವ ಹೊತ್ತೂ ಅದೇ! ನಮ್ಮ ಕಡೆ ರೋಗಿಯನ್ನು ನೋಡಲು ಒಬ್ಬರೇ ಬರುವುದುಂಟೇ? ಸಿದ್ದಾಪುರದ ಬಸ್ಸಿಳಿದು ಭಾವ, ಅತ್ತಿಗೆ, ಪಕ್ಕದ ಮನೆಯವರು ಎಲ್ಲರೂ ಮಂಚ ಸುತ್ತುವರಿಯುತ್ತಿದ್ದರು. ನಾನು ರೋಗಿಯನ್ನು ಕೇಳಿದರೆ ಅತ್ತಿಗೆ ಉತ್ತರ ಕೊಡುತ್ತಿದ್ದಳು. ಹೊತ್ತು ಬದಲಿಸಿ ಎಂದು ಹಿರಿಯ ಸಿಸ್ಟರನ್ನು ಎರಡು ಸಲ ಕೇಳಿದೆ. "ನಿಂಗೆ ಕೂತು ಮಾತಾಡೋಕೂ ಕಷ್ಟವಾ?" ಎಂದರು. ಆಮೇಲೆ ನಾನೂ ರಿಜಿಸ್ಟರಿನಲ್ಲಿ ದಿನಾ "ಧೈರ್ಯ ಹೇಳಲಾಯಿತು" ಎಂದು ಬರೆದು ಕೈತೊಳೆದುಕೊಳ್ಳತೊಡಗಿದೆ.

ಆಗ ಭೈರುಂಬೆ ಕಡೆಯ ಒಬ್ಬ ಹೆಂಗಸು ದಾಖಲಾದಳು. ಐವತ್ತರ ಆಸುಪಾಸು, ಗರ್ಭಕೋಶದ ಕ್ಯಾನ್ಸರ್. ದೊಡ್ಡ ಆಸ್ಪತ್ರೆಯವರು ಇನ್ನೇನೂ ಮಾಡುವಂತಿಲ್ಲ ಎಂದು ಕಳಿಸಿದ್ದರು. ಗಂಡ ಮೊದಲ ದಿನವೇ ಬಾಗಿಲಲ್ಲಿ ಕೈಮುಗಿದು, "ಸಿಸ್ಟರ್, ಅವಳ ಹತ್ರ ಎಂತದೂ ಹೇಳಡಿ. ಗೊತ್ತಾದ್ರೆ ತಡ್ಕತ್ತಿಲ್ಲೆ" ಎಂದು, ಏನೂ ಹೇಳಬೇಡಿರೆಂದು ಬೇಡಿಕೊಂಡಿದ್ದ.

ಅವಳಿಗೆ ಇಪ್ಪತ್ತರ ಒಬ್ಬ ಮಗಳು. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ, ಶಾಲೆಯ ಮುಖ ಕಂಡಿಲ್ಲ. ತಾಯಿ ಮಗಳು ತಾವೇ ಕಟ್ಟಿಕೊಂಡ ಕೈಸನ್ನೆಗಳಲ್ಲಿ ಇಡೀ ದಿನ ಹರಟುತ್ತಿದ್ದರು, ನಗುತ್ತಿದ್ದರು. ಆ ಸನ್ನೆ ಮನೆಯಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ, ಗಂಡನಿಗೂ.

ಒಂದು ಸಂಜೆ, ಎಲ್ಲರೂ ಸುತ್ತ ಇರುವಾಗಲೇ ಅವಳು ನನ್ನ ಕೈ ಹಿಡಿದಳು. "ಖರೆ ಹೇಳಿ ಸಿಸ್ಟರ್. ಯಂಗೆ ಇನ್ನೆಷ್ಟು ದಿನ ಇದ್ದು? ತಂಗಿ ಇಡಗುಂದಿಲಿ ಇದ್ದು. ಕರೆಸ್ಕಂಡು ಅವಳಿಗೆ ಮಗಳ ಸನ್ನೆ ಎಲ್ಲ ಹೇಳಿಕೊಡವು. ಹದಿನೈದು ದಿನ ಸಿಕ್ಕಿದ್ರೆ ಸಾಕು."

"ಅದೆಲ್ಲ ಈಗ ಎಂತಕ್ಕೆ? ಆರಾಮಾದ ಮೇಲೆ ಮನೇಲೇ ಹೇಳಿಕೊಡ್ಲಕ್ಕು" ಎಂದ ಗಂಡ. ನೋಡಲು ಬಂದಿದ್ದ ಅವಳ ಅತ್ತಿಗೆಯೂ ಹೌದೆಂದು ತಲೆಯಾಡಿಸಿದಳು. ಮಲಗಿದ್ದವಳು ಅವರತ್ತ ತಿರುಗಲೂ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತಿದೆ ಎಂದು ನನಗೆ ಅರ್ಥವಾಗಿತ್ತು. ತರಬೇತಿ ಕೊಟ್ಟಿದ್ದೇ ಇಂಥ ಒಂದು ಗಳಿಗೆಗೆ. ಅವರನ್ನೆಲ್ಲ ಹೊರಗೆ ಕಳಿಸಬೇಕಿತ್ತು, ಕಳಿಸಲಿಲ್ಲ. "ಅಕ್ಕಾ, ಧೈರ್ಯವಾಗಿರಿ. ಅವಸರ ಏನಿಲ್ಲ" ಎಂದೆ. ಗಂಡನ ಮುಖ ಅರಳಿತು. ಅವಳು ನನ್ನ ಕೈ ಬಿಟ್ಟಳು.

ಆಮೇಲೆ ಅವಳು ಇಪ್ಪತ್ತೆರಡು ದಿನ ಬದುಕಿದ್ದಳು; ತಂಗಿಯನ್ನು ಯಾರೂ ಕರೆಸಲಿಲ್ಲ. ಕೇಳಿದ್ದಕ್ಕಿಂತ ಒಂದು ವಾರ ಹೆಚ್ಚೇ ಸಿಕ್ಕಿತ್ತು! ಇಂದಿಗೂ ಆ ಲೆಕ್ಕ ನೆನಪಾದರೆ ಮೈ ಉರಿಯುತ್ತದೆ. ಯಾರನ್ನು ಬಯ್ಯಲಿ? ಗಂಡ ಕೆಟ್ಟವನಲ್ಲ, ಹೆದರಿದ್ದ. ನಾನು ಹೆದರಿದ್ದು ಯಾಕೆಂದು ನನಗೇ ತಿಳಿಯದು.

ಆರು ತಿಂಗಳ ಮೇಲೆ ಇಡಗುಂದಿಯ ತಂಗಿ ಆ ಹುಡುಗಿಯನ್ನು ನಮ್ಮಲ್ಲಿಗೇ ಕರೆತಂದಳು. ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಅಳುತ್ತಾಳೆ. "ನೋವು ಎಲ್ಲಿ ಹೇಳಿ ಗೊತ್ತಾಗ್ತಿಲ್ಲೆ ಸಿಸ್ಟರ್. ಅಕ್ಕ ಇರಕಾದ್ರೆ ಒಂದು ಮಾತು ಹೇಳಿ ಕಳಿಸಿದ್ರೆ ಆನು ಓಡಿ ಬರ್ತಿದ್ದೆ."

ಹುಡುಗಿಗೆ ನನ್ನ ಗುರುತು ಸಿಕ್ಕಿತು. ಅಮ್ಮನ ಮಂಚದ ಬಳಿ ದಿನಾ ಕೂರುತ್ತಿದ್ದ ಸಿಸ್ಟರ್, ಇವಳಿಗಾದರೂ ತಿಳಿದೀತು ಎಂದುಕೊಂಡಳೋ ಏನೋ, ಕಣ್ಣೊರೆಸಿಕೊಂಡು ಎರಡು ಬೆರಳನ್ನು ಗಂಟಲಿಗೊತ್ತಿ, ಅಂಗೈ ತಿರುಗಿಸಿ ತೋರಿಸಿದಳು. ನಾನು ಗಂಟಲು ನೋಡಲು ಹೋದೆ. ಅಲ್ಲ ಎಂದು ತಲೆಯಾಡಿಸಿ, ದಡ್ಡರಿಗೆ ಹೇಳಿಕೊಡುವಂತೆ ಅದೇ ಸನ್ನೆಯನ್ನು ಮತ್ತೊಮ್ಮೆ, ನಿಧಾನವಾಗಿ ಮಾಡಿದಳು. ನನಗೆ ಅರ್ಥವಾಗಲಿಲ್ಲ.